ಆಯ ಕೇಳದ ರೂಪಕಗಳು

ಹಾವೇರಿಯಲ್ಲಿ ೨೦೨೩ರ ಜನವರಿ ೬, ೭, ೮ರಂದು ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿತು. ಹಾವೇರಿ ಅಂದಕೂಡಲೆ ವೇದಿಕೆಯ ಮಾತುಗಾರರಿಗೆ ಪೀಠಿಕೆಯ ಚಿಂತೆ ಇರುವುದಿಲ್ಲ. ಕನಕದಾಸರ ನೆಲ, ಸರ್ವಜ್ಞನ ನೆಲ, ಶರೀಫಜ್ಜನ ನೆಲ, ಅಂಬಿಗರ ಚೌಡಯ್ಯನ ನೆಲ. ನಾಲ್ಕು ಹೆಸರು, ನಾಲ್ಕು ಚಪ್ಪಾಳೆ. ಸಮ್ಮೇಳನ ಇರಲಿ ಬಿಡಲಿ, ನಮ್ಮ ಜಿಲ್ಲೆಯ ಯಾವ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋದರೂ ಈ ಪೀಠಿಕೆ ತಪ್ಪಿದ್ದಲ್ಲ. ಶರೀಫರ ವಿಚಾರ ಬೇರೆಯೇ ಒಂದು ಲೇಖನ ಬೇಡುತ್ತದೆ, ಇಲ್ಲಿ ಬಿಡುತ್ತೇವೆ. ಉಳಿದ ಮೂವರ ಹೆಸರಿಗೆ ಕುಲಕಸುಬು ಅಂಟಿಕೊಂಡಿದೆ. ಚೌಡಯ್ಯ ದೋಣಿ ನಡೆಸಿದವನು. ಸರ್ವಜ್ಞ ಕುಂಬಾರಗಿತ್ತಿಯ ಮಗನೆಂದು ಐತಿಹ್ಯ. ಕನಕ ಕುರುಬರವನು, ಬಾಡದಲ್ಲಿ ದಂಡನಾಯಕನಾಗಿದ್ದ ಎಂದು ಎಷ್ಟೇ ಹೇಳಿದರೂ ಉಡುಪಿಯ ಕಥೆಯಲ್ಲಿ ಅವನನ್ನು ಗುಡಿಯ ಹೊರಗೆ ನಿಲ್ಲಿಸಿದ್ದು ಆ ಕುಲವೇ.

ಒಕ್ಕಲುತನ ನಂಬಿದ ಊರಿಗೆ ದುಡಿದುಕೊಟ್ಟ ಕಸುಬುದಾರರ ನಡುವಿನಿಂದ ಎದ್ದುಬಂದ ಈ ಕವಿಗಳನ್ನು ನಮ್ಮ ವಿಮರ್ಶೆ ಓದಿದ್ದು ಹೇಗೆ? ಕಸುಬನ್ನು ರೂಪಕ ಮಾಡಿಕೊಂಡು ಓದಿತು. ದೋಣಿ ಅಂದರೆ ದೇಹ, ಹೊಳೆ ಅಂದರೆ ಸಂಸಾರ, ಮಡಕೆ ಅಂದರೆ ಕಾಯ, ತಿಗರಿ ಅಂದರೆ ಕಾಲಚಕ್ರ. ರೂಪಕದಿಂದ ಪಂಡಿತರಿಗೆ ಒಂದು ದೊಡ್ಡ ಅನುಕೂಲ ಐತಿ. ಅದಕ್ಕೆ ಹೊಟ್ಟೆ ಇರುವುದಿಲ್ಲ. ಸುಗ್ಗಿ ಬಂದಾಗ ಕಣಕ್ಕೆ ಬಂದು ಕೈಯೊಡ್ಡಿ ಆಯ ಕೇಳುವುದಿಲ್ಲ.

ಆಯ ಅಂದರೇನೆಂದು ಪೇಟೆಯ ಗೆಳೆಯರು ಕೇಳಿಯಾರು. ನಮ್ಮ ಕಡೆಯ ಹಳ್ಳಿಗಳಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಸಮಗಾರ, ಮಾದಿಗ, ತಳವಾರ, ವಾಲಿಕಾರ ಇವರೆಲ್ಲ ವರ್ಷವಿಡೀ ಒಕ್ಕಲಿಗನ ಮನೆಗೆ ಕೆಲಸ ಮಾಡಬೇಕು. ಕಮ್ಮಾರ ರಂಟೆಯ ಕುಡ ಬಡಿದು ಕೊಡಬೇಕು. ಬಡಿಗ ಕೂರಿಗೆ, ಕುಂಟೆ, ನೊಗ, ಚಕ್ಕಡಿಯ ಗಾಲಿ ಮಾಡಿಕೊಡಬೇಕು. ಮಾದಿಗ ಮಿಣಿ, ಬಾರುಕೋಲು, ಬಾವಿಯ ಕಪಿಲೆಗೆ ತೊಗಲಿನ ಬಾನಿ, ಕಾಲಿಗೆ ಚಪ್ಪಲಿ ಕೊಡಬೇಕು. ಸತ್ತ ದನ ಎಳೆಯಬೇಕು, ಹಲಗೆ ಬಡಿಯಬೇಕು. ಇದಕ್ಕೆಲ್ಲ ರೊಕ್ಕ ಇಲ್ಲ. ರಾಶಿ ಆದಾಗ ಕಣದಲ್ಲಿ ಇಂತಿಷ್ಟು ಕಾಳು. ಇದೇ ಆಯ. ಕೊಡುವವನ ಕೈ, ಕೊಡುವವನ ಮೊರ, ಕೊಡುವವನ ಮನಸ್ಸು. ಮಳೆ ಕೈಕೊಟ್ಟ ವರ್ಷ ಆಯವೂ ಕೈಕೊಡುತ್ತಿತ್ತು, ಕೆಲಸ ಮಾತ್ರ ಬಿಡುವಂತಿರಲಿಲ್ಲ. ಈ ಸಾಲಿನಲ್ಲೂ ಮೇಲು ಕೀಳು ಇತ್ತು. ಬಡಿಗ ಕಮ್ಮಾರರಿಗೆ ತೂರಿದ ಕಾಳು. ನಮ್ಮ ಕೇರಿಯವರ ಪಾಲಿಗೆ ಬಹಳ ಕಡೆ ಉಳಿದದ್ದು ಕಣದ ಅಡಿಗಾಳು, ಮಣ್ಣು ಬೆರೆತದ್ದು. ನಮ್ಮ ಮನೆಯ ಹಿರಿಯರು ಆ ಮಣ್ಣನ್ನು ಸೋಸಿ ಸೋಸಿ ರೊಟ್ಟಿ ಮಾಡಿಕೊಂಡು ಉಂಡವರು. ನಾವು ಬಿ.ಎ. ಓದುವಾಗ ಪಠ್ಯಪುಸ್ತಕ ಇದನ್ನು 'ಪರಸ್ಪರಾವಲಂಬನೆಯ ಗ್ರಾಮ ವ್ಯವಸ್ಥೆ' ಎಂದು ಕರೆಯಿತು. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಪಾಸಾದೆವು.

ಈ ಪರಸ್ಪರಾವಲಂಬನೆಯ ಬೆಲೆ ಏನೆಂದು ಅಂಬೇಡ್ಕರ್ ಮೊದಲೇ ಲೆಕ್ಕ ಹಾಕಿದ್ದರು. ಆಗ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ೧೯೨೮ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅವರು ವತನು ಕಾಯ್ದೆಗೆ ತಿದ್ದುಪಡಿಯ ಮಸೂದೆ ತಂದಾಗ ಎತ್ತಿದ್ದು ಇದೇ ಪ್ರಶ್ನೆ: ಹಗಲೂ ರಾತ್ರಿ ಸರಕಾರದ, ಊರಿನ ಚಾಕರಿ ಮಾಡುವ ಮಹಾರರಿಗೆ ಸಂಬಳ ಯಾವುದು, ಅದನ್ನು ಕೊಡುವವರು ಯಾರು? ೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳಲು ಅವರು ಒಪ್ಪದೇ ಹೋದದ್ದಕ್ಕೆ ಈಗಲೂ ಮುನಿಸಿಕೊಳ್ಳುವ ಸಾಹಿತಿಗಳಿದ್ದಾರೆ. ಕಣದ ಮಣ್ಣು ಸೋಸಿದವರ ಮಕ್ಕಳಿಗೆ ಆ ಮುನಿಸು ಅರ್ಥವಾಗುವುದಿಲ್ಲ.

ಈಗ ಚೌಡಯ್ಯನ ಹತ್ತಿರ ಬರೋಣ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರ ತುಂಗಭದ್ರೆಯ ದಂಡೆಯ ಮೇಲಿದೆ. ಅಲ್ಲಿನ ಮುಕ್ತೇಶ್ವರ ಗುಡಿಯ ಶಿಲ್ಪ ನೋಡಲು ಜನ ಬರುತ್ತಾರೆ. ಚೌಡಯ್ಯನ ವಚನ ಓದಿದವರೆಲ್ಲ ಅವನ ಮಾತು ಒರಟು, ಬೈಗುಳ, ಸಂಯಮ ಕಡಿಮೆ ಅನ್ನುತ್ತಾರೆ. ಬಸವಣ್ಣನ ವಚನಕ್ಕೆ ಭಾವಗೀತೆಯ ಗುಣ, ಅಲ್ಲಮನ ವಚನಕ್ಕೆ ಬೆಡಗು, ಚೌಡಯ್ಯನಿಗೆ ಮಾತ್ರ ಒರಟುತನದ ಸರ್ಟಿಫಿಕೇಟು. ಇದನ್ನು ಕೊಟ್ಟವರು ಹೊಳೆಯ ದಂಡೆಯ ಮೇಲೆ ನಿಂತು ಒಮ್ಮೆಯಾದರೂ ಆಚೆ ದಂಡೆಯವನನ್ನು ಕೂಗಿ ಕರೆದಿದ್ದಾರೆಯೇ? ಅಂಬಿಗನ ದನಿ ಎತ್ತರದ್ದೇ ಆಗಬೇಕು. ನೀರಿನ ಸಪ್ಪಳದ ಮೇಲೆ ಹಾಯಬೇಕು. ಪಿಸುಮಾತಿನಿಂದ ದೋಣಿ ನಡೆಯುವುದಿಲ್ಲ. 'ಏ, ಒಂದ ಕಡೆ ಕೂಡಬ್ಯಾಡ್ರೋ, ಮುಳುಗ್ತೀರಿ' ಅಂತ ಗೌಡನಿಗೂ ಅಷ್ಟೇ ಗಟ್ಟಿಯಾಗಿ, ಜಂಗಮನಿಗೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಡಾಂಭಿಕ ಭಕ್ತರ ಮೇಲೆ, ವೇಷದ ಜಂಗಮರ ಮೇಲೆ ಅವನು ಸಿಡಿಯುವ ಧಾಟಿ ಕಸುಬಿನಿಂದ ಬಂದದ್ದು. ದೋಣಿಯೊಳಗೆ ಭಾರ ಒಂದೇ ಸತ್ಯ. ಕುಲ ನೋಡಿ ನೀರು ಎತ್ತಿ ಹಿಡಿಯುವುದಿಲ್ಲ ಎಂಬುದನ್ನು ಅವನು ತತ್ವವಾಗಿ ಓದಿ ಕಲಿಯಬೇಕಿರಲಿಲ್ಲ, ದಿನಾ ನೋಡುತ್ತಿದ್ದ.

ಇನ್ನೊಂದು ಮಾತು. ಬಹುಪಾಲು ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರು. ಚೌಡಯ್ಯ ತನ್ನ ಹೆಸರನ್ನೇ, ಅದೂ ಕಸುಬಿನ ಸಮೇತ, ಅಂಕಿತ ಮಾಡಿಕೊಂಡ. ಇದನ್ನು ಅಹಂಕಾರ ಅನ್ನಬಹುದೇ? ನಮಗೆ ಅದು ಕೂಲಿಯವನು ತನ್ನ ಕೆಲಸದ ಕೆಳಗೆ ಮಾಡಿದ ರುಜುವಿನಂತೆ ಕಾಣುತ್ತದೆ. ಈ ಮಾತಿಗೆ ದೇವರು ಜವಾಬ್ದಾರನಲ್ಲ, ನಾನು, ಹುಟ್ಟು ಹಾಕುವವನು, ಜವಾಬ್ದಾರ. ಆಯಗಾರನಿಗೆ ರುಜು ಮಾಡುವ ಹಕ್ಕಿಲ್ಲದ ಕಾಲದಲ್ಲಿ ಇದು ಸಣ್ಣ ಸಂಗತಿಯೇ?

ಈಗ ಹೊಳೆಯ ಮೇಲೆ ಸೇತುವೆಗಳಾಗಿವೆ. ದಂಡೆಗೆ ಉಸುಕು ತುಂಬುವ ಲಾರಿಗಳು ಬರುತ್ತವೆ. ಚೌಡಯ್ಯನನ್ನು ಗಂಗಾಮತಸ್ಥರಿಗೆ, ಕನಕನನ್ನು ಕುರುಬರಿಗೆ, ಸರ್ವಜ್ಞನನ್ನು ಕುಂಬಾರರಿಗೆ ಹಂಚಿ ಸರಕಾರ ಜಯಂತಿ ಮಾಡುತ್ತದೆ. ಫೋಟೋ, ಮೆರವಣಿಗೆ, ಮಂತ್ರಿಯ ಭಾಷಣ. ಆ ಕಸುಬುಗಳೇ ಯಾಕೆ ಕೆಟ್ಟವು, ಕಸುಬುದಾರರು ಎಲ್ಲಿ ಹೋದರು ಎಂಬ ಪ್ರಶ್ನೆ ಮೆರವಣಿಗೆಯ ದಾರಿಯಲ್ಲಿ ಬರುವುದಿಲ್ಲ.

ಸರ್ವಜ್ಞನ ಹೆಸರಿನ ತ್ರಿಪದಿಗಳಲ್ಲಿ ಮೇಟಿ ವಿದ್ಯೆಯನ್ನು ಕೋಟಿ ವಿದ್ಯೆಗಳ ಮೇಲೆ ಕೂಡಿಸಿದ್ದು ಒಂದಿದೆ. ಕೃಷಿಮೇಳದ ಭಾಷಣ ಶುರುವಾಗುವುದೇ ಅದರಿಂದ. ಕುಂಬಾರಗಿತ್ತಿಯ ಮಗನ ಬಾಯಿಂದ ಈ ಮಾತು ಬಂದದ್ದು ನಮ್ಮನ್ನು ಕಾಡುತ್ತದೆ. ಮೇಟಿಗೆ ಕುಡ ಬೇಕು, ಕುಡಕ್ಕೆ ಕುಲುಮೆ ಬೇಕು, ಕುಲುಮೆಗೆ ತಿದಿ ಬೇಕು, ತಿದಿಗೆ ತೊಗಲು ಬೇಕು, ತೊಗಲು ಹದ ಮಾಡಲು ನಮ್ಮ ಕೇರಿ ಬೇಕು. ಮೇಲೆ ಕೂತದ್ದು ಮೇಟಿ. ಅದರ ಕೆಳಗೆ ಬೆನ್ನು ಬಾಗಿಸಿ ನಿಂತ ವಿದ್ಯೆಗಳ ಹೆಸರು ಹೇಳಲು ಮೂರು ಸಾಲು ಸಾಲದು. ಅದೇ ಹೆಸರಿನಲ್ಲಿ ಅಕ್ಕಸಾಲಿಗನನ್ನು ಕಳ್ಳನಂತೆ ಕಾಣುವ ತ್ರಿಪದಿಗಳೂ ಇವೆ. ಜಾತಿಯ ಸೂತಕವನ್ನು ಪ್ರಶ್ನಿಸಿದ ಕವಿಯ ಹೆಸರಿನಲ್ಲೇ ಕಸುಬಿನ ಮೇಲಿನ ಊರ ಗೌಡಿಕೆಯ ಸಂಶಯವೂ ತೂರಿಕೊಂಡಿದೆ. ಸರ್ವಜ್ಞನ ಹೆಸರಿನಲ್ಲಿ ಯಾರ್ಯಾರೋ ಕಟ್ಟಿ ಸೇರಿಸಿದ್ದಾರೆಂದು ಪಂಡಿತರು ಹೇಳುತ್ತಾರೆ. ಆಗಲಿ. ಸೇರಿಸಿದವರು ಯಾವ ಓಣಿಯವರು ಎಂಬುದು ಆ ತ್ರಿಪದಿಗಳಿಂದಲೇ ಗೊತ್ತಾಗುತ್ತದೆ.

ಕನಕದಾಸರ 'ರಾಮಧಾನ್ಯ ಚರಿತ್ರೆ'ಯ ಮಾತೇ ಬೇರೆ. ಬ್ಯಾಡಗಿ ತಾಲೂಕಿನ ಕಾಗಿನೆಲೆ ಅವರ ಊರು, ಬ್ಯಾಡಗಿ ಪೇಟೆಗೆ ಸಮೀಪ. ಕಾವ್ಯದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ: ನರೆದಲೆಗನೆಂಬ ರಾಗಿಗೂ ವ್ರೀಹಿ ಎಂಬ ನೆಲ್ಲಿಗೂ ಯಾರು ಹೆಚ್ಚು ಎಂಬ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ನೆಲ್ಲು ಕೆಡುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ, ರಾಘವನ ಹೆಸರು ಪಡೆಯುತ್ತದೆ. ಇದನ್ನು ವರ್ಗಸಂಘರ್ಷದ ಕಾವ್ಯವೆಂದು ನಮ್ಮ ಬಳಗದವರು ಎಷ್ಟೋ ಸಲ ವಿವರಿಸಿದ್ದಾರೆ, ಅದರಲ್ಲಿ ತಪ್ಪಿಲ್ಲ. (ನಮ್ಮ ಕಡೆ ಉಣ್ಣುವುದು ಜೋಳದ ರೊಟ್ಟಿ, ರಾಗಿ ಅಷ್ಟಕ್ಕಷ್ಟೆ. ಜೋಳದವರಾದ ನಾವು ರಾಗಿಯ ಪರವಾಗಿ ಚಪ್ಪಾಳೆ ಹೊಡೆಯುವುದಕ್ಕೂ ಒಂದು ಮೋಜು ಐತಿ.) ನಾವು ಕೇಳುವುದು ಬೇರೆ. ರಾಮ ಇಟ್ಟ ಪರೀಕ್ಷೆ ಎಂಥದ್ದು? ಯಾರು ಪುಣ್ಯವಂತರು, ಯಾರು ಸತ್ಯವಂತರು ಎಂಬ ಪರೀಕ್ಷೆ ಅದಲ್ಲ. ಯಾರು ಆರು ತಿಂಗಳು ಕೆಡದೆ ಕಾಯಬಲ್ಲರು ಎಂಬ ಪರೀಕ್ಷೆ. ಅದು ಹಗೇವಿನ ಪರೀಕ್ಷೆ. ನೆಲದೊಳಗೆ ಹಗೇವು ತೋಡಿ ಕಾಳು ತುಂಬಿ ಬಾಯಿ ಮುಚ್ಚಿದ ಒಕ್ಕಲಿಗನಿಗೂ ಗೊತ್ತು, ಅಂಗಡಿಯ ಸಾವುಕಾರನಿಗೂ ಗೊತ್ತು: ಕಾಯುವ ಶಕ್ತಿ ಇದ್ದವನದೇ ಬೆಲೆ. ಪುರಾಣದ ಆಸ್ಥಾನದ ಒಳಗೆ ಕನಕ ಪೇಟೆಯ ತಕ್ಕಡಿ ತಂದು ಇಟ್ಟಿದ್ದಾನೆ.

ಆ ತಕ್ಕಡಿ ಹಿಡಿದುಕೊಂಡು ಇವತ್ತಿನ ಬ್ಯಾಡಗಿಗೆ ಬನ್ನಿ. ಡಬ್ಬಿ, ಕಡ್ಡಿ ಎಂಬ ಎರಡು ತಳಿಗಳ ಬ್ಯಾಡಗಿ ಮೆಣಸಿನಕಾಯಿ, ಖಾರ ಕಡಿಮೆ, ಕೆಂಪು ಹೆಚ್ಚು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಬಣ್ಣದ ಎಣ್ಣೆ ತೆಗೆದು ತಿನಿಸಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಕಳಿಸುತ್ತಾರೆ. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮಾಲು ಬಂದು ಇಲ್ಲಿ ಬೀಳುತ್ತದೆ. ಊರ ಸುತ್ತ ಶೀತಲಗೃಹಗಳು ಎದ್ದಿವೆ. ಹಗೇವು ನೆಲದಿಂದ ಮೇಲೆದ್ದು ಕರೆಂಟು ಹಾಕಿಸಿಕೊಂಡಿದೆ ಅಷ್ಟೆ. ಆದರೆ ಒಳಗೆ ಆರು ತಿಂಗಳು ಕಾಯುವವರು ಯಾರು? ಬಾಡಿಗೆ ಕಟ್ಟುವ ತಾಕತ್ತು ಇದ್ದವರು. ಬೀಜ ಗೊಬ್ಬರಕ್ಕೆ ದಲಾಲಿ ಅಂಗಡಿಯಲ್ಲಿ ಮುಂಗಡ ತಂದ ರೈತ ಮಾಲು ತಂದ ದಿನವೇ ಮಾರಬೇಕು, ಅದೇ ಅಂಗಡಿಗೆ ಮಾರಬೇಕು. ೨೦೨೪ರ ಮಾರ್ಚ್ ೧೧ರಂದು ದರ ಒಮ್ಮೆಲೆ ಬಿದ್ದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಪತ್ರಿಕೆಗಳು ದಾಂಧಲೆ ಎಂದು ಬರೆದವು. ಕಾಯಲಾರದವರನ್ನು ಕಾಯುವವರ ಎದುರು ಒಂದೇ ಸೆರೆಯಲ್ಲಿ ಹಾಕಿದರೆ ಏನಾಗುತ್ತದೆ ಎಂದು ಕನಕ ಬರೆದಿಟ್ಟದ್ದನ್ನು ಯಾರೂ ನೆನೆಯಲಿಲ್ಲ. ಕಾವ್ಯದಲ್ಲಿ ಬಡವರ ಧಾನ್ಯ ಗೆದ್ದಿತು, ಯಾಕೆಂದರೆ ಅದು ಕೆಡುವುದಿಲ್ಲ. ಪೇಟೆಯಲ್ಲಿ ಬಡವ ಸೋಲುತ್ತಾನೆ, ಯಾಕೆಂದರೆ ಅವನ ಸಾಲದ ಬಡ್ಡಿ ಮಲಗುವುದಿಲ್ಲ. ಈ ಅಂತರವನ್ನು ಓದದ ವಿಮರ್ಶೆ ಕನಕನನ್ನು ಕಿಂಡಿಯ ಮುಂದೆಯೇ ನಿಲ್ಲಿಸಿ ಇಟ್ಟಿರುತ್ತದೆ.

ಅದೇ ಮಾರುಕಟ್ಟೆಯ ಇನ್ನೊಂದು ಕಡೆ ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಕಿಲೋ ಲೆಕ್ಕದ ಕೂಲಿ. ಸೆರಗನ್ನು ಮೂಗಿಗೆ ಬಿಗಿದುಕೊಂಡು ಕೂತರೂ ಘಾಟು ಬಿಡುವುದಿಲ್ಲ. ಕೈ ಉರಿ ರಾತ್ರಿ ರೊಟ್ಟಿ ತಟ್ಟುವಾಗಲೂ ಇರುತ್ತದೆ, ಕೂಸಿನ ಕಣ್ಣು ಒರೆಸಲು ಹೆದರಬೇಕು. ಬಣ್ಣ ಹೋಗುವುದು ಯಾರದೋ ತುಟಿಗೆ, ಘಾಟು ಉಳಿಯುವುದು ಇವರ ಗಂಟಲಿಗೆ. ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜದ ಕಂಪನಿಗಳಿಗಾಗಿ ಹೂವಿಗೆ ಹೂವು ಕೂಡಿಸುವ 'ಕ್ರಾಸಿಂಗ್' ಕೆಲಸವೂ ಇಂಥದೇ. ಒಂದೊಂದೇ ಮೊಗ್ಗು ಬಿಡಿಸಿ, ಗಂಡುಭಾಗ ಕಿತ್ತು, ಮರುದಿನ ಪರಾಗ ಒರೆಸಬೇಕು. ಬೀಜದ ಪಾಕೀಟಿನ ಮೇಲೆ ಕಂಪನಿಯ ಹೆಸರು ಇರುತ್ತದೆ, ಟೊಮ್ಯಾಟೊದ ಚಿತ್ರ ಇರುತ್ತದೆ. ಆಯಗಾರರ ಪಟ್ಟಿ ಮುಗಿಯಿತು ಎಂದು ಸಮಾಜಶಾಸ್ತ್ರದವರು ಬರೆಯುತ್ತಾರಲ್ಲ, ಹಾಗಾದರೆ ಇವರು ಯಾರು? ಕಣದಲ್ಲಿ ಇವರಿಗೆ ಮೊರವೂ ಇಲ್ಲ, ಕಾವ್ಯದಲ್ಲಿ ಅಂಕಿತವೂ ಇಲ್ಲ.

೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದು ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ಸತ್ತರು. ಅಂದಿನಿಂದ ಜಿಲ್ಲೆಯಲ್ಲಿ ಗೊಬ್ಬರದಂಗಡಿಯ ಮುಂದಿನ ಸಾಲು ಬರಿಯ ಸಾಲಲ್ಲ. ಅಣ್ಣ, ರೈತನ ಪರ ಕವಿತೆ ಬರೆಯುವವರು ಬಹಳ. ಆದರೆ ರೈತ ಎಂಬ ಒಂದು ಶಬ್ದದ ಒಳಗೆ ಹತ್ತು ಕೂರಿಗೆ ಹೊಲದವನೂ ಅದೇ ಹೊಲದಲ್ಲಿ ಕಳೆ ಕೀಳುವವಳೂ ಒಟ್ಟಿಗೆ ಹಿಡಿಸುವುದಿಲ್ಲ. ಚೀಲ ಕೊಂಡವನ ಸಿಟ್ಟು ಪದ್ಯವಾಯಿತು. ಆ ಚೀಲವನ್ನು ಲಾರಿಯಿಂದ ಇಳಿಸಿದ ಹಮಾಲನ ಬೆನ್ನು ಇನ್ನೂ ಪದ್ಯವಾಗಿಲ್ಲ.

ಇನ್ನು ಕಲೆಯ ಮಾತು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಬದಿಗೆ ಉತ್ಸವ ರಾಕ್ ಗಾರ್ಡನ್ ಇದೆ. ಹಳೆಯ ಉತ್ತರ ಕರ್ನಾಟಕದ ಹಳ್ಳಿಯನ್ನು ಸಿಮೆಂಟಿನಲ್ಲಿ ಮಾಡಿ ನಿಲ್ಲಿಸಿದ್ದಾರೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕೈಯ ಬಗ್ಗೆ, ದೊಡ್ಡಾಟಕ್ಕೆ ಅವರು ಮಾಡಿದ ಕೆಲಸದ ಬಗ್ಗೆ ನಮಗೆ ಗೌರವವಿದೆ. ಆ ಮುಖಗಳ ಸುಕ್ಕು, ಧೋತರದ ಮಡಿಕೆ, ಎತ್ತಿನ ಕಣ್ಣು, ಸುಳ್ಳು ಹೇಳುವುದಿಲ್ಲ. ಸಾಲಿಯ ಮಕ್ಕಳು ಬಸ್ಸು ಮಾಡಿಕೊಂಡು ಬಂದು ನೋಡುತ್ತವೆ, ಮಾಸ್ತರರು 'ನೋಡ್ರಿ, ಹಿಂದಿನ ಕಾಲದಾಗ ಹೆಂಗ ಎಲ್ಲಾರೂ ಕೂಡಿ ಬಾಳ್ತಿದ್ರು' ಎಂದು ವಿವರಿಸುತ್ತಾರೆ. ನಮ್ಮ ತಕರಾರು ಆ ವಿವರಣೆಯ ಮೇಲೆ. ಸಿಮೆಂಟಿನ ಕಸುಬುದಾರ ಆಯ ಕೇಳುವುದಿಲ್ಲ. ಸಿಮೆಂಟಿನ ಊರಿನಲ್ಲಿ ಊರಿಗೂ ಕೇರಿಗೂ ನಡುವಿನ ಮಾರು ಅಳೆಯಲು ಬರುವುದಿಲ್ಲ. ಅದೇ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ. ಕಣದಲ್ಲಿ ಎತ್ತು ಹೊಡೆಯುತ್ತ ಹಾಡಿದ ಹಂತಿಯ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ಸಂಗ್ರಹಿಸಿದ್ದಾರೆ, ಛಂದಸ್ಸು ಹಚ್ಚಿದ್ದಾರೆ. ಆ ರಾತ್ರಿ ಹಾಡು ಮುಗಿದ ಮೇಲೆ ಬೆಳಗ್ಗೆ ಯಾರಿಗೆ ಎಷ್ಟು ಕೊಳಗ ಅಳೆದರು ಎಂಬುದನ್ನು ಹಾಡಿನ ಕೆಳಗೆ ಟಿಪ್ಪಣಿಯಾಗಿ ಬರೆದ ಪುಸ್ತಕ ಇದ್ದರೆ ಓದುಗರು ನಮಗೆ ತೋರಿಸಲಿ, ಅಡ್ಡ ಬೀಳುತ್ತೇವೆ.

ಅಂಗಡಿಯ ಮಾತಿಗೆ ಬಂದರೆ ಕನ್ನಡದ ಯಾವ ಕಾವ್ಯಕ್ಕಿಂತಲೂ ಸಂವಿಧಾನ ಹೆಚ್ಚು ಖಚಿತವಾಗಿದೆ. ಅದರ ೧೫ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರು ಹಿಡಿದು ಎಣಿಸುತ್ತದೆ. ಸಮಾನತೆ ಎಂಬ ದೊಡ್ಡ ಶಬ್ದ ಬರೆದು ಸುಮ್ಮನಾಗಿದ್ದರೆ ಏನಾಗುತ್ತಿತ್ತು ಎಂಬುದು ಅದನ್ನು ಬರೆದವರಿಗೆ ಮೈಯಿಂದಲೇ ಗೊತ್ತಿತ್ತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದು, ೧೯೭೬ರಲ್ಲಿ ಅದು ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಾದರೂ ನಮ್ಮ ಓಣಿಯ ಗಂಡುಮಕ್ಕಳು ತಲೆ ಬೋಳಿಸಿಕೊಳ್ಳಲು ಬಸ್ಸು ಹತ್ತಿ ತಾಲೂಕು ಪೇಟೆಗೆ ಹೋಗುವುದನ್ನು ನೋಡುತ್ತಲೇ ನಾವು ಬೆಳೆದೆವು. ಊರ ಹೆಸರು ಬೇಡ. ಇದು ಒಂದೂರಿನ ಕಥೆಯಲ್ಲ. ಇದರಲ್ಲಿ ಹಡಪದದವನನ್ನು ಬೈದು ಮುಗಿಸುವುದು ಸುಲಭ. ಅವನೂ ಆಯಗಾರನೇ. ನಮ್ಮ ತಲೆ ಮುಟ್ಟಿದ ಕತ್ತರಿಯನ್ನು ತಮ್ಮ ತಲೆಗೆ ತರಬೇಡ ಎಂದು ಹತ್ತು ದೊಡ್ಡ ಮನೆಯವರು ಹೇಳಿದರೆ ಅವನ ಒಲೆ ಆರುತ್ತದೆ. ಕತ್ತರಿ ಅವನ ಕೈಯಲ್ಲಿ, ಕತ್ತರಿಯ ಹಿಡಿಕೆ ಗೌಡರ ಮನೆಯಲ್ಲಿ. ಚೌಡಯ್ಯನ ದೋಣಿಯಲ್ಲಿ ಎಲ್ಲರೂ ಕೂತರು ಎಂದು ಹಾಡುವ ಊರಿನಲ್ಲಿ ಒಂದು ಕಟಿಂಗ್ ಕುರ್ಚಿಯ ಮೇಲೆ ಎಲ್ಲರೂ ಕೂಡಲಾಗದು. ವಚನ ಓದಿಸುವ ಪ್ರಾಧ್ಯಾಪಕರು ಇದನ್ನು ಯಾವ ರೂಪಕದಿಂದ ಬಿಡಿಸುತ್ತಾರೆ?

ರೂಪಕ ಉಳಿಯದ ಜಾಗವೂ ನಮ್ಮ ಜಿಲ್ಲೆಯಲ್ಲೇ ಇದೆ. ೨೦೧೦ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ತಲೆತಲಾಂತರ ಊರಿನ ಹೊಲಸು ಹೊತ್ತವರು ಅದನ್ನು ಊರಿನ ಕಣ್ಣಿಗೆ ಹಿಡಿದರು. ಅಂದಿನ ಆ ಅರ್ಧ ತಾಸನ್ನು ಯಾವ ಅಲಂಕಾರಶಾಸ್ತ್ರ ವಿವರಿಸೀತು? ವಿ.ಕೃ. ಗೋಕಾಕರು ಹುಟ್ಟಿದ ಊರೂ ಸವಣೂರೇ. ಜ್ಞಾನಪೀಠ ಬಂದ ಊರೆಂದು ಬರೆಯುವ ಪ್ರವಾಸಿ ಕೈಪಿಡಿಯಲ್ಲಿ ಈ ದಿನಾಂಕವನ್ನೂ ಬರೆಯಬೇಕೆಂದು ನಾವು ಕೇಳುತ್ತೇವೆ.

ಬಂಡಾಯ ಕಾವ್ಯದ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಮನೆಯವರಿಗೆ ಬೇರೆ ತಕ್ಕಡಿ ಹಿಡಿದಂತಾದೀತು. ಸುತ್ತಿಗೆ, ಕುಲುಮೆ, ಉಳಿ, ಹಲಗೆ ಇವು ನಮ್ಮ ಬಳಗದ ಪದ್ಯಗಳಲ್ಲಿ ಬೇಕಾದಷ್ಟು ಬರುತ್ತವೆ. ಬಹಳ ಸಲ ಅವೂ ಬರಿಯ ರೂಪಕಗಳೇ. ಅಲ್ಲಿ ದೋಣಿ ದೇಹವಾದರೆ ಇಲ್ಲಿ ಕುಲುಮೆ ಕ್ರಾಂತಿ. ಕುಲುಮೆಯ ಮನೆಯವ ಈಗ ಹೆದ್ದಾರಿ ಬದಿಯ ವೆಲ್ಡಿಂಗ್ ಶಾಪಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಟ್ರ್ಯಾಕ್ಟರಿನ ಕೂರಿಗೆಗೆ ಬೆಸುಗೆ ಹಾಕುತ್ತಿದ್ದಾನೆ. ಮಿಣಿಯ ಜಾಗಕ್ಕೆ ನೈಲಾನ್ ಹಗ್ಗ ಬಂದಿದೆ. ಮಿಣಿ ಹೋದಾಗ ಆಯವೂ ಹೋಯಿತು. ಹಲಗೆ ಬಡಿಯುವ ಬಿಟ್ಟಿ ಮಾತ್ರ ಎಷ್ಟೋ ಕಡೆ ಹೋಗಲಿಲ್ಲ. ಪದ್ಯದ ಕುಲುಮೆಯಲ್ಲಿ ಈ ಸುದ್ದಿ ಇನ್ನೂ ಮುಟ್ಟಿಲ್ಲ. ದೇವನೂರ ಮಹಾದೇವರ 'ಒಡಲಾಳ' ಯಾಕೆ ಇವತ್ತಿಗೂ ಹಸಿಯಾಗಿದೆ ಎಂದರೆ ಅಲ್ಲಿ ಹಸಿವು ರೂಪಕ ಅಲ್ಲ. ಸಾವುಕಾರ ಎತ್ತಪ್ಪನ ಕಡಲೇಕಾಯಿ, ಅದನ್ನು ತಂದವರು, ರಾತ್ರಿಯೆಲ್ಲ ಸಿಪ್ಪೆ ಸುಲಿದು ತಿಂದು ಕುರುಹು ಅಳಿಸಿದ ಮನೆಮಂದಿ, ಬೆಳಗ್ಗೆ ಬಂದ ಪೋಲೀಸು. ಅಂಗಡಿಯಿಂದ ಹೊಟ್ಟೆಯವರೆಗಿನ ದಾರಿಯನ್ನು ಮಹಾದೇವ ಒಂದು ಹೆಜ್ಜೆಯನ್ನೂ ಬಿಡದೆ ನಡೆದಿದ್ದಾರೆ. ಬ್ಯಾಡಗಿಯ ತೊಟ್ಟಿನ ರಾಶಿಗೆ, ರಾಣೆಬೆನ್ನೂರಿನ ಕ್ರಾಸಿಂಗ್ ಹೊಲಕ್ಕೆ ಅಂಥ ಒಂದು ಕಥೆ ಬೇಕಾಗಿದೆ.

ಸಮ್ಮೇಳನದಿಂದ ಶುರು ಮಾಡಿದ್ದೆವು, ಒಂದು ಬಾಕಿ ಉಳಿದಿದೆ. ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಗೊತ್ತು. ಏಲಕ್ಕಿ ಬರುವುದು ಮಲೆನಾಡಿನಿಂದ. ಅದನ್ನು ರೇಷ್ಮೆ ಎಳೆಯಲ್ಲಿ ಪೋಣಿಸಿ ಹಾರ ಮಾಡುವುದು ಹಾವೇರಿಯ ಮುಸ್ಲಿಂ ಪಟವೇಗಾರರ ಮನೆತನ. ಮುಖ್ಯಮಂತ್ರಿ ಬಂದರೂ ಪ್ರಧಾನಿ ಬಂದರೂ ಕೊರಳಿಗೆ ಅದು ಬೇಕು. ೨೦೨೩ರ ಸಮ್ಮೇಳನದಲ್ಲಿ ಮುಸ್ಲಿಂ ಬರಹಗಾರರನ್ನು ಕಡೆ ಮಾಡಿದ್ದಾರೆ ಎಂಬ ಆಕ್ಷೇಪ ಎದ್ದು, ಜನವರಿ ೮ರಂದೇ ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ನಡೆಯಿತು. ೧೯೭೯ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡದೆ ಹೋದಾಗ ಬಂಡಾಯ ಸಂಘಟನೆ ಹುಟ್ಟಿದ್ದನ್ನು ಬಲ್ಲವರಿಗೆ ಇದು ಹೊಸದಾಗಿ ಕಾಣಲಿಲ್ಲ. ಹಾರ ಬೇಕು, ಹಾರ ಕಟ್ಟಿದವರ ಮಾತು ಬೇಡ.

ಈ ಪತ್ರಿಕೆ ಓದುವ ಹಳ್ಳಿಯ ಸಾಲಿಯ ಮಾಸ್ತರರಲ್ಲಿ, ಅಕ್ಕೋರಲ್ಲಿ ಒಂದು ಕೇಳಿಕೆ. ಸರ್ವಜ್ಞನ ಪಾಠ ಬಂದಾಗ ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟು ಊರೊಳಗೆ ಕಳಿಸಿರಿ. ಕುಂಬಾರರ ಮನೆ ಎಷ್ಟು, ತಿಗರಿ ತಿರುಗುವುದು ಎಷ್ಟರಲ್ಲಿ, ಕಡೆಯ ಆಯ ಅಳೆದದ್ದು ಯಾವ ವರ್ಷ, ಯಾವ ಕಾಳು, ಎಷ್ಟು ಮೊರ. ಕಟಿಂಗ್ ಕುರ್ಚಿಯ ಮೇಲೆ ಯಾರ್ಯಾರು ಕೂಡುತ್ತಾರೆ, ಯಾರು ಬಸ್ಸು ಹತ್ತುತ್ತಾರೆ. ತೊಟ್ಟು ಬಿಡಿಸಿದ ಕೂಲಿ ಕಿಲೋಕ್ಕೆ ಎಷ್ಟು, ಕಳೆದ ವರ್ಷ ಎಷ್ಟಿತ್ತು. ಮಕ್ಕಳ ಅಕ್ಷರ ತಿದ್ದಬೇಡಿರಿ, ಅವು ಬರೆದಂತೆಯೇ ಕಳಿಸಿರಿ.